ಚುಕ್ಕೆ ಹೋಯಿತು, ರೋಗ ಹೋಗಲಿಲ್ಲ: ಉಪ್ಪುನೀರಿನ ಮೀನಿಗೆ ಚಿಕಿತ್ಸೆ ಮಾಡಿ ನಾವು ಕಲಿತದ್ದು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ನಾಲ್ವರ ಟೀಮಿನ ಮಿನಿ ಪ್ರಾಜೆಕ್ಟ್ ಒಂದು ಉಪ್ಪುನೀರಿನ ಅಕ್ವೇರಿಯಂ. ನೀರಿಗೆ ಸೆನ್ಸರ್ ಇಳಿಬಿಟ್ಟು ಉಷ್ಣತೆ ಮತ್ತು ಪಿಎಚ್ ಅಳೆಯೋದು, ಅದನ್ನು ವೈಫೈ ಮೂಲಕ ಮೊಬೈಲಿಗೆ ಕಳಿಸೋದು, ಎಲ್ಲ ಸರಿಯಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಣ್ಣದಲ್ಲಿ ‘ಮೀನು ಆರೋಗ್ಯವಾಗಿದೆ’ ಅಂತ ತೋರಿಸೋದು. ಇಷ್ಟೇ ಪ್ಲಾನ್. ಅಂಗಡಿಯಿಂದ ಎರಡು ಕ್ಲೌನ್ ಫಿಶ್ ತಂದೆವು. ದೊಡ್ಡದಕ್ಕೆ ರಾಜ, ಚಿಕ್ಕದಕ್ಕೆ ರಾಣಿ ಅಂತ ಹೆಸರಿಟ್ಟೆವು. ಈ ಜಾತಿಯ ಜೋಡಿಯಲ್ಲಿ ದೊಡ್ಡದೇ ಹೆಣ್ಣು, ಚಿಕ್ಕದು ಗಂಡು ಅಂತ ಗೊತ್ತಾಗುವಷ್ಟರಲ್ಲಿ ಹೆಸರುಗಳು ಅಂಟಿಕೊಂಡಿದ್ದವು.

ರಾಣಿ ಸತ್ತ ದಿನ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇತ್ತು.

ಅದು ಯಾಕೆ ಸತ್ತಿತು, ರಾಜ ಹೇಗೆ ಉಳಿಯಿತು ಅನ್ನೋದನ್ನು ಕ್ರಮವಾಗಿ ಬರೆಯುತ್ತಿದ್ದೇವೆ. ಹಾಸ್ಟೆಲ್‌ನಲ್ಲೋ ಮನೆಯಲ್ಲೋ ಮೀನು ಸಾಕುವವರಿಗೆ ನೇರವಾಗಿ ಉಪಯೋಗವಾಗಬಹುದು. ಸಾಕದವರಿಗೂ ಒಂದು ಡಯಾಗ್ನೋಸಿಸ್ ಎಲ್ಲಿ ಹಾದಿ ತಪ್ಪುತ್ತದೆ ಅನ್ನೋದು ಸಿಕ್ಕೀತು. ನಾವು ನಾಲ್ವರೂ ಇಂಗ್ಲಿಷ್ ಮೀಡಿಯಂ. ಗಿಲ್ಸ್‌ಗೆ ಕನ್ನಡದಲ್ಲಿ ‘ಕಿವಿರು’ ಅಂತಾರೆ ಅನ್ನೋದು ನಮ್ಮ ಕುಮಟಾದ ಗೆಳೆಯ ಹೇಳಿದ ಮೇಲೇ ಉಳಿದ ಮೂವರಿಗೆ ತಿಳಿದದ್ದು. ಪದಗಳು ತಪ್ಪಿದ್ದರೆ ತಿದ್ದಿ.

ಮೊದಲು ನಾವು ಮಾಡಿದ ತಪ್ಪು

ಮೀನು ತಂದ ದಿನವೇ ಕವರ್ ಬಿಚ್ಚಿ ಸೀದಾ ಟ್ಯಾಂಕಿಗೆ ಬಿಟ್ಟೆವು. ಕ್ವಾರಂಟೈನ್ ಅನ್ನೋ ಪದವನ್ನು ಕೊರೊನಾ ಕಾಲದಲ್ಲಿ ಬೇಕಾದಷ್ಟು ಕೇಳಿದ್ದೆವು, ಮೀನಿಗೂ ಬೇಕು ಅಂತ ಹೊಳೆಯಲಿಲ್ಲ. ಆರನೇ ದಿನ ರಾಣಿಯ ರೆಕ್ಕೆಯ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಂಡವು. ಎಣಿಸಿದರೆ ಹತ್ತು ಹನ್ನೆರಡು. ಬಂಡೆಗೆ ಮೈ ಉಜ್ಜಿಕೊಳ್ಳುತ್ತಿತ್ತು.

ಗೂಗಲ್‌ನಲ್ಲಿ ‘ಮೀನಿಗೆ ಬಿಳಿ ಚುಕ್ಕೆ’ ಅಂತ ಹುಡುಕಿದರೆ ಮೊದಲು ಸಿಗೋದು ‘ಇಕ್’ ಅನ್ನೋ ರೋಗ. ಪರಿಹಾರವೂ ಅಲ್ಲೇ ಇತ್ತು: ಹೀಟರ್ ಏರಿಸಿ, ನೀಲಿ ಬಣ್ಣದ ಔಷಧ ಹಾಕಿ. ನಾವು 26 ಡಿಗ್ರಿಯಿಂದ 30ಕ್ಕೆ ಏರಿಸಿದೆವು, ಅಂಗಡಿಯಿಂದ ನೀಲಿ ಬಾಟಲಿ ತಂದು ಹನಿ ಲೆಕ್ಕ ಹಾಕಿ ಬಿಟ್ಟೆವು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಒಂದೂ ಚುಕ್ಕೆ ಇಲ್ಲ! ವಾಟ್ಸಾಪ್ ಸ್ಟೇಟಸ್ ಹಾಕಿದ್ದಾಯಿತು, ಕ್ಯಾಂಟೀನ್‌ನಲ್ಲಿ ಗೋಬಿ ಮಂಚೂರಿ ತಿಂದದ್ದೂ ಆಯಿತು.

ಹತ್ತು ದಿನ ಕಳೆದ ಮೇಲೆ ಚುಕ್ಕೆಗಳು ವಾಪಸ್ ಬಂದವು. ಈ ಸಲ ಎಣಿಸೋಕಾಗಲಿಲ್ಲ, ಎರಡೂ ಮೀನುಗಳ ಮೇಲಿದ್ದವು. ಮಾರನೇ ಬೆಳಿಗ್ಗೆ ರಾಣಿ ಫಿಲ್ಟರ್ ಪಕ್ಕದಲ್ಲಿ ಬಿದ್ದಿತ್ತು.

ಆ ನೀಲಿ ಔಷಧ ಸಿಹಿನೀರಿನ ಇಕ್ ರೋಗದ್ದು. ನಮ್ಮ ಮೀನಿಗೆ ಬಂದದ್ದು ಸಮುದ್ರದ ಬಿಳಿ ಚುಕ್ಕೆ ರೋಗ. ಎರಡೂ ನೋಡೋಕೆ ಒಂದೇ ಥರ, ಹೆಸರೂ ಹತ್ತಿರ ಹತ್ತಿರ. ಆದರೆ ಸಿಹಿನೀರಿನದು ಇಕ್ತಿಯೋಫ್ತಿರಿಯಸ್ ಅನ್ನೋ ಏಕಕೋಶ ಜೀವಿ, ಸಮುದ್ರದ್ದು ಕ್ರಿಪ್ಟೋಕೇರಿಯಾನ್ ಇರಿಟನ್ಸ್. ಎರಡಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ ಅನ್ನೋದು ಡಿಎನ್ಎ ಅಧ್ಯಯನಗಳಿಂದ ಗೊತ್ತಾಗಿದೆ. ಸಿಹಿನೀರಿನದನ್ನು ಬಿಸಿ ಏರಿಸಿ ಹತ್ತಿಕ್ಕಬಹುದು. ಸಮುದ್ರದ್ದಕ್ಕೆ 30 ಡಿಗ್ರಿ ಅಂದರೆ ಹಬ್ಬ. ಇನ್ನೊಂದು ನಷ್ಟವೂ ಆಯಿತು: ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಮ್ಮಿ. ಉಪ್ಪುನೀರಿನಲ್ಲಿ ಅದು ಸಿಹಿನೀರಿಗಿಂತ ಮೊದಲೇ ಕಮ್ಮಿ. 26ರಿಂದ 30 ಡಿಗ್ರಿಗೆ ಏರಿದಾಗ ಲೀಟರಿಗೆ ಸುಮಾರು 6.6 ಮಿಲಿಗ್ರಾಂ ಇದ್ದದ್ದು 6.2ಕ್ಕೆ ಇಳಿಯುತ್ತದೆ. ಕಿವಿರಿನೊಳಗೇ ಪರಾವಲಂಬಿ ತುಂಬಿಕೊಂಡ ಮೀನಿಗೆ ಅಷ್ಟು ಕಡಿತವೂ ದೊಡ್ಡದೇ.

ಮೊದಲು ನೀರು, ಆಮೇಲೆ ಮೀನು

ನಮ್ಮ ಟೀಮಿನ ಗೆಳತಿಯೊಬ್ಬಳ ದೊಡ್ಡಮ್ಮನ ಮಗಳು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದಾರೆ. ಅವರಿಗೆ ಫೋನ್ ಮಾಡಿ, “ಅಕ್ಕಾ, ಯಾವ ಔಷಧ ಹಾಕಬೇಕು?” ಅಂತ ಕೇಳಿದೆವು. ಅವರು ಔಷಧದ ಹೆಸರೇ ಎತ್ತಲಿಲ್ಲ. “ಅಮೋನಿಯಾ ಎಷ್ಟಿದೆ? ಮೀನು ನಿಮಿಷಕ್ಕೆ ಎಷ್ಟು ಸಲ ಉಸಿರಾಡ್ತಿದೆ? ಎಣಿಸಿ ಹೇಳಿ, ಆಮೇಲೆ ಮಾತಾಡೋಣ” ಅಂದರು.

ಅಮೋನಿಯಾ ಯಾಕೆ ಮೊದಲು? ಮೀನಿನ ಗಲೀಜು, ತಿನ್ನದೆ ಉಳಿದ ಆಹಾರ ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಅದು ಕಿವಿರನ್ನು ಸುಡುತ್ತದೆ. ಮೀನು ಮೇಲೆ ಬಂದು ಏದುಸಿರು ಬಿಡುತ್ತದೆ, ಊಟ ಬಿಡುತ್ತದೆ. ನೋಡಿದವರಿಗೆ ಥೇಟ್ ರೋಗವೇ. ಅಂಥ ಮೀನಿಗೆ ಔಷಧ ಹಾಕಿದರೆ ಗಾಯದ ಮೇಲೆ ಬರೆ. ಸಮುದ್ರದ ಮೀನಿಗೆ ಈ ಅಪಾಯ ಹೆಚ್ಚು, ಏಕೆಂದರೆ ಅದರ ನೀರಿನ ಪಿಎಚ್ ಸುಮಾರು 8.2 ಇರಬೇಕು. ಪಿಎಚ್ ಒಂದು ಅಂಕ ಏರಿದರೆ ಅಮೋನಿಯಾದ ವಿಷಕಾರಿ ರೂಪದ ಪಾಲು ಹೆಚ್ಚುಕಮ್ಮಿ ಹತ್ತು ಪಟ್ಟಾಗುತ್ತದೆ. ಸಿಹಿನೀರಿನ ಟ್ಯಾಂಕಿನಲ್ಲಿ ನಡೆದುಹೋಗುವ ಅಮೋನಿಯಾ ಇಲ್ಲಿ ನಡೆಯುವುದಿಲ್ಲ.

ನಮ್ಮ ಅಮೋನಿಯಾ ಸೊನ್ನೆಯೇ ಇತ್ತು. ಉಪ್ಪಿನಂಶ ಕೇಳಿದಾಗ ಮಾತ್ರ ನಾಚಿಕೆಯಾಯಿತು. ಪ್ರಾಜೆಕ್ಟಿಗೆ ತಂದ ಅಗ್ಗದ ಟಿಡಿಎಸ್ ಮಾಡ್ಯೂಲ್ ಓದೋದು 1000 ಪಿಪಿಎಂ ತನಕ. ಸಮುದ್ರದ ನೀರು ಸುಮಾರು 35,000. ಬೇರೆ ಲ್ಯಾಬಿನಿಂದ ರಿಫ್ರಾಕ್ಟೋಮೀಟರ್ ಎರವಲು ತಂದು ನೋಡಿದೆವು, ಸಾಂದ್ರತೆ 1.025. ಅದೂ ಸರಿಯಿತ್ತು.

ಇನ್ನು ಉಸಿರು. ಕಿವಿರಿನ ಮುಚ್ಚಳ ಒಂದು ಸಲ ತೆರೆದು ಮುಚ್ಚಿದರೆ ಒಂದು ಎಣಿಕೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿಕೊಂಡರೆ ಸುಲಭ. ರಾಜನದ್ದು 120 ದಾಟಿತ್ತು. ಇದು ಜಾಸ್ತಿಯೋ ಕಮ್ಮಿಯೋ ಅಂತ ಹೇಳೋಕೆ ಆರೋಗ್ಯವಾಗಿದ್ದಾಗಿನ ಸಂಖ್ಯೆ ಬೇಕಲ್ಲ, ಅದು ನಮ್ಮ ಹತ್ತಿರ ಇರಲಿಲ್ಲ. ಗುಣವಾದ ಮೇಲೆ ಎಣಿಸಿದಾಗ 70ರ ಆಸುಪಾಸು ಬಂತು. ನೀವು ಮೀನು ಸಾಕಿದ್ದರೆ ಈ ಸಂಖ್ಯೆಯನ್ನು ಇವತ್ತೇ ಬರೆದಿಟ್ಟುಕೊಳ್ಳಿ.

ಬೆಳ್ಳಗಿರೋದೆಲ್ಲ ಹಾಲಲ್ಲ

ನೀರು ಸರಿಯಿದ್ದರೆ ಮುಂದಿನ ಪ್ರಶ್ನೆ, ಯಾವ ರೋಗ? ಸಮುದ್ರದ ಮೀನಿನ ಮೈಮೇಲೆ ಬೆಳ್ಳಗೆ ಕಾಣೋದರಲ್ಲಿ ಐದನ್ನಾದರೂ ಬೇರೆ ಬೇರೆ ಮಾಡಿ ಗುರುತಿಸಬೇಕು.

ಒಂದು, ಸಮುದ್ರದ ಬಿಳಿ ಚುಕ್ಕೆ ರೋಗ. ಉಪ್ಪಿನ ಹರಳಿನಷ್ಟು ಚುಕ್ಕೆ, ಶುರುವಿನಲ್ಲಿ ಎಣಿಸಬಹುದು. ಒಂದು ಚುಕ್ಕೆ ಮೂರರಿಂದ ಏಳು ದಿನ ಇದ್ದು ತಾನೇ ಹೋಗುತ್ತದೆ, ಆಮೇಲೆ ಬೇರೆ ಜಾಗದಲ್ಲಿ ಹೊಸವು ಏಳುತ್ತವೆ.

ಎರಡು, ವೆಲ್ವೆಟ್. ಇದನ್ನು ತರೋದು ಅಮೈಲೂಡಿನಿಯಂ ಅನ್ನೋ ಜೀವಿ. ಚುಕ್ಕೆಯಲ್ಲ, ನವಿರಾದ ಹೊಂಬಣ್ಣದ ಧೂಳು. ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಧೂಳು ಕಾಣುವುದಕ್ಕೆ ಮುಂಚೆಯೇ ಉಸಿರು ಏರಿರುತ್ತದೆ. ಮೀನು ಬೆಳಕಿಗೆ ಬರೋದಿಲ್ಲ, ಪಂಪಿನ ನೀರು ರಭಸವಾಗಿ ಬರುವ ಕಡೆ ಮುಖ ಮಾಡಿ ನಿಲ್ಲುತ್ತದೆ. ಎಲ್ಲಕ್ಕಿಂತ ಅವಸರದ ರೋಗ ಇದೇ, ಕೆಲವೇ ದಿನಗಳಲ್ಲಿ ಟ್ಯಾಂಕ್ ಖಾಲಿ.

ಮೂರು, ಬ್ರೂಕ್ಲಿನೆಲ್ಲಾ. ಕ್ಲೌನ್ ಫಿಶ್‌ಗಳಿಗೆ ಎಷ್ಟು ಸಾಮಾನ್ಯವೆಂದರೆ ‘ಕ್ಲೌನ್ ಫಿಶ್ ರೋಗ’ ಅಂತಲೇ ಇನ್ನೊಂದು ಹೆಸರಿದೆ. ಇಲ್ಲಿ ಚುಕ್ಕೆ ಇಲ್ಲ, ಮೈಮೇಲೆ ದಪ್ಪ ಲೋಳೆ ಬಂದು ಚಿಂದಿ ಚಿಂದಿಯಾಗಿ ಕಿತ್ತು ಬರುತ್ತದೆ.

ನಾಲ್ಕು, ಲಿಂಫೋಸಿಸ್ಟಿಸ್. ಇದು ವೈರಸ್. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಗಂಟು. ವಾರಗಟ್ಟಲೆ ಒಂದೇ ಜಾಗದಲ್ಲಿ ಕೂತಿರುತ್ತದೆ, ಮೀನು ಆರಾಮಾಗಿ ತಿಂದುಕೊಂಡಿರುತ್ತದೆ. ಇದಕ್ಕೆ ಔಷಧವಿಲ್ಲ. ಒಳ್ಳೆ ನೀರು, ಒಳ್ಳೆ ಆಹಾರ ಕೊಟ್ಟರೆ ಹೆಚ್ಚಾಗಿ ತಾನೇ ಹೋಗುತ್ತದೆ.

ಐದು, ಚರ್ಮಕ್ಕೆ ಅಂಟುವ ಚಪ್ಪಟೆ ಹುಳು. ಕಣ್ಣು ಮಬ್ಬಾಗುತ್ತದೆ, ಮೀನು ಮೈ ಉಜ್ಜುತ್ತದೆ. ಹುಳು ಪಾರದರ್ಶಕ, ಹಾಗಾಗಿ ಮೈಮೇಲಿದ್ದಾಗ ಕಾಣೋದೇ ಇಲ್ಲ. ಉಷ್ಣತೆ ಮತ್ತು ಪಿಎಚ್ ಹೊಂದಿಸಿದ, ಗಾಳಿ ಬಿಟ್ಟ ಸಿಹಿನೀರಿನಲ್ಲಿ ಮೀನನ್ನು ಕಣ್ಣಳತೆಯಲ್ಲಿ ಮೂರರಿಂದ ಐದು ನಿಮಿಷ ಇಟ್ಟರೆ ಹುಳುಗಳು ಬೆಳ್ಳಗಾಗಿ ಉದುರುತ್ತವೆ.

ಇವನ್ನು ಬೇರ್ಪಡಿಸಲು ಬೇಕಾದದ್ದು ದುಬಾರಿ ಉಪಕರಣವಲ್ಲ, ದಿನಚರಿ. ಪ್ರತಿದಿನ ಒಂದೇ ಹೊತ್ತಿಗೆ ಮೀನಿನ ಎಡ ಬಲ ಎರಡೂ ಬದಿಯ ಫೋಟೊ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಚುಕ್ಕೆ ಜಾಗ ಬದಲಿಸಿತಾ? ವಾರ ಕಳೆದರೂ ಅಲ್ಲೇ ಇದೆಯಾ? ನಮ್ಮ ಪುಣ್ಯಕ್ಕೆ ಡೆಮೋ ವಿಡಿಯೋಗೆ ಅಂತ ತೆಗೆದ ಕ್ಲಿಪ್‌ಗಳು ಫೋನಿನಲ್ಲಿದ್ದವು. ಆರನೇ ದಿನ ಚುಕ್ಕೆ, ಹತ್ತನೇ ದಿನ ಇಲ್ಲ, ಇಪ್ಪತ್ತನೇ ದಿನ ಮೈತುಂಬ. ಅಕ್ಕ ಅದನ್ನು ನೋಡಿ, ಇದು ಬಿಳಿ ಚುಕ್ಕೆ ರೋಗದ್ದೇ ತಾಳ ಅಂದರು.

ಖಚಿತ ಮಾಡಿಕೊಳ್ಳೋದಕ್ಕೆ ಮೈಕ್ರೋಸ್ಕೋಪ್ ಬೇಕು. ಸತ್ತ ಮೀನಿನ ಕಿವಿರಿನ ಚೂರು ಅಥವಾ ಮೈಯ ಲೋಳೆಯನ್ನು ಸ್ಲೈಡಿನಲ್ಲಿಟ್ಟು ನೋಡಿದರೆ ಗುಂಡನೆಯ ಕಪ್ಪು ಜೀವಿ ನಿಧಾನಕ್ಕೆ ತಿರುಗುತ್ತಿರುವುದು ಕಾಣುತ್ತದಂತೆ. ಆದರೆ ಮೀನು ಸತ್ತ ಕೂಡಲೇ ನೋಡಬೇಕು. ನಾವು ರಾಣಿಯನ್ನು ಕವರಿನಲ್ಲಿ ಸುತ್ತಿ ಫ್ರೀಜರ್‌ನಲ್ಲಿಟ್ಟಿದ್ದೆವು. “ಇಟ್ಟು ಏನು ಪ್ರಯೋಜನ? ಅದರಲ್ಲಿ ಈಗ ಏನೂ ಕಾಣೋದಿಲ್ಲ” ಅಂದರು ಅಕ್ಕ. ನಮ್ಮ ಹತ್ತಿರ ಇದ್ದ ಒಂದೇ ಒಂದು ಸಾಕ್ಷಿಯನ್ನು ನಾವೇ ಕೆಡಿಸಿದ್ದೆವು.

ನಾಲ್ಕು ಅವತಾರ

ಚುಕ್ಕೆ ಹೋದರೂ ರೋಗ ಯಾಕೆ ಹೋಗಲಿಲ್ಲ? ಇದು ಅರ್ಥವಾಗಬೇಕಾದರೆ ಆ ಜೀವಿಯ ಬದುಕಿನ ಚಕ್ರ ಗೊತ್ತಿರಬೇಕು. ಇಡೀ ಲೇಖನದಲ್ಲಿ ಒಂದೇ ಭಾಗ ಓದೋದಾದರೆ ಇದನ್ನು ಓದಿ.

ಮೊದಲನೇ ಅವತಾರದಲ್ಲಿ ಅದು ಮೀನಿನ ಮೇಲ್ಚರ್ಮದ ಒಳಗೆ ಕೂತು ಅದನ್ನೇ ತಿಂದು ದಪ್ಪಗಾಗುತ್ತದೆ. ನಮಗೆ ಚುಕ್ಕೆಯಾಗಿ ಕಾಣೋದು ಇದೇ. ಮೂರರಿಂದ ಏಳು ದಿನ. ಮೇಲೆ ಚರ್ಮದ ಹೊದಿಕೆ ಇರುವುದರಿಂದ ನೀರಿಗೆ ಹಾಕಿದ ಔಷಧ ಇದಕ್ಕೆ ತಗಲೋದಿಲ್ಲ.

ಎರಡನೆಯದರಲ್ಲಿ ಹೊಟ್ಟೆ ತುಂಬಿದ ಜೀವಿ ಮೀನನ್ನು ಬಿಟ್ಟು ತಳಕ್ಕೆ ಬೀಳುತ್ತದೆ, ಕೆಲವು ಗಂಟೆ ತೆವಳಿ ಜಾಗ ಹುಡುಕುತ್ತದೆ. ಚುಕ್ಕೆ ಮಾಯವಾಗೋದು ಆಗ.

ಮೂರನೆಯದರಲ್ಲಿ ಮರಳಿಗೋ ಬಂಡೆಗೋ ಅಂಟಿಕೊಂಡು ಸುತ್ತ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಸುಮಾರು ಇನ್ನೂರರವರೆಗೆ ಮರಿಗಳಾಗುತ್ತವೆ. ಸಾಮಾನ್ಯವಾಗಿ ಮೂರರಿಂದ 28 ದಿನ. ಆದರೆ 72 ದಿನ ಕಳೆದ ಮೇಲೆ ಒಡೆದ ಕೋಶವೂ ದಾಖಲಾಗಿದೆ. ಈ ಗೋಡೆಯನ್ನೂ ಔಷಧ ದಾಟೋದಿಲ್ಲ.

ನಾಲ್ಕನೆಯದರಲ್ಲಿ ಕೋಶ ಒಡೆದು ಮರಿಗಳು ಈಜುತ್ತಾ ಹೊರಬರುತ್ತವೆ, ಹೆಚ್ಚಾಗಿ ಕತ್ತಲ ಹೊತ್ತಿನಲ್ಲಿ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಮೈಗೆ ಯಾವ ಹೊದಿಕೆಯೂ ಇಲ್ಲದ ಹೊತ್ತು ಇದೊಂದೇ. ಔಷಧ ಕೆಲಸ ಮಾಡೋದೂ ಈಗ ಮಾತ್ರ.

ಈಗ ಲೆಕ್ಕ ಹಾಕಿ. ಹತ್ತು ಚುಕ್ಕೆ ಇದ್ದವು ಅಂತಿಟ್ಟುಕೊಳ್ಳೋಣ. ಒಂದಕ್ಕೆ ಇನ್ನೂರರಂತೆ ಎರಡು ಸಾವಿರ ಮರಿ. ನೂರಕ್ಕೆ ಎರಡಕ್ಕೆ ಮಾತ್ರ ಮೀನು ಸಿಕ್ಕಿತು ಅಂದರೂ ನಲವತ್ತು ಹೊಸ ಚುಕ್ಕೆ. ಮುಂದಿನ ಸುತ್ತಿಗೆ ನೂರ ಅರವತ್ತು. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಇರುವಂಥ ತೆರೆದ ಕಡಲಿನಲ್ಲಿ ಮರಿಗಳು ಚದುರಿಹೋಗುತ್ತವೆ, ಕೋಶ ಒಡೆಯೋ ಹೊತ್ತಿಗೆ ಮೀನೂ ಬೇರೆ ಕಡೆ ಹೋಗಿರುತ್ತದೆ. ನಮ್ಮ 60 ಲೀಟರ್ ಟ್ಯಾಂಕಿನಲ್ಲಿ ಮೀನು ಹೋಗೋದಾದರೂ ಎಲ್ಲಿಗೆ? ದಿನಾ ರಾತ್ರಿ ಅದೇ ಮೂಲೆಯಲ್ಲಿ ಮಲಗುತ್ತದೆ.

ನಾವು ಗೋಬಿ ಮಂಚೂರಿ ತಿಂದದ್ದು ಮೂರನೇ ಅವತಾರದ ದಿನ. ಆ ಔಷಧ ಹಾಕದೇ ಇದ್ದಿದ್ದರೂ ಚುಕ್ಕೆಗಳು ಹೋಗುತ್ತಿದ್ದವು.

ಯಾವ ದಾರಿ ಹಿಡಿಯೋದು?

ಮೀನಿನ ಚಿಕಿತ್ಸೆಗೆ ಮುಖ್ಯವಾಗಿ ಮೂರು ದಾರಿಗಳಿವೆ.

ಟ್ಯಾಂಕ್ ಬದಲಿಸೋದು: ಮೂರು ದಿನಕ್ಕೊಮ್ಮೆ ಮೀನನ್ನು ಪೂರ್ತಿ ಒಣಗಿಸಿದ ಬೇರೆ ಟಬ್ಬಿಗೆ, ಹೊಸ ನೀರಿಗೆ ಸಾಗಿಸಬೇಕು. ಒಟ್ಟು ನಾಲ್ಕು ಸಲ, 12 ದಿನ. ಬಿದ್ದ ಕೋಶಗಳು ಒಡೆಯೋ ಮುಂಚೆ ಮೀನು ಅಲ್ಲಿಂದ ಹೊರಟಿರುತ್ತದೆ. ಔಷಧವೇ ಬೇಡ. ಆದರೆ ಬಿಳಿ ಚುಕ್ಕೆ ರೋಗಕ್ಕೆ ಮಾತ್ರ ನಂಬಬಹುದು.

ಉಪ್ಪು ಇಳಿಸೋದು: ಸಾಂದ್ರತೆಯನ್ನು 1.009ಕ್ಕೆ ಇಳಿಸಿ ವಾರಗಟ್ಟಲೆ ಹಾಗೇ ಹಿಡಿದಿಡಬೇಕು. ಮೀನು ತಡೆಯುತ್ತದೆ, ಪರಾವಲಂಬಿ ತಡೆಯೋದಿಲ್ಲ. ಅಳತೆ ಸ್ವಲ್ಪ ಮೇಲೆ ಹೋದರೂ ಶ್ರಮ ವ್ಯರ್ಥ. ವೆಲ್ವೆಟ್ ಆಗಿದ್ದರೆ ಇದು ನಾಟುವುದೇ ಇಲ್ಲ.

ತಾಮ್ರ: ನೀರಿನಲ್ಲಿ ಒಂದು ಪ್ರಮಾಣದ ತಾಮ್ರವನ್ನು ಸತತವಾಗಿ ಇಟ್ಟರೆ ಈಜುವ ಮರಿಗಳು ಸಾಯುತ್ತವೆ. ಬಿಳಿ ಚುಕ್ಕೆ, ವೆಲ್ವೆಟ್ ಎರಡಕ್ಕೂ ಕೆಲಸ ಮಾಡುತ್ತದೆ. ಬ್ರೂಕ್ಲಿನೆಲ್ಲಾಗೆ ಮಾಡೋದಿಲ್ಲ, ಅದಕ್ಕೆ ಫಾರ್ಮಲಿನ್ ಬೇಕು. ಫಾರ್ಮಲಿನ್ ಕ್ಯಾನ್ಸರ್‌ಕಾರಕ, ಹಾಸ್ಟೆಲ್ ರೂಮಿನಲ್ಲಿ ಅದರ ಬಾಟಲಿ ಬಿಚ್ಚುವ ಯೋಚನೆಯನ್ನೂ ಮಾಡಬೇಡಿ. ಚಪ್ಪಟೆ ಹುಳುವಿಗೆ ಪ್ರಾಜಿಕ್ವಾಂಟೆಲ್ ಅನ್ನೋ ಬೇರೆಯದೇ ಔಷಧ.

ನಾವು ತಾಮ್ರ ಆರಿಸಿಕೊಂಡೆವು. ಮೈಕ್ರೋಸ್ಕೋಪಿನ ಸಾಕ್ಷಿ ಇಲ್ಲದ್ದರಿಂದ, ಉಸಿರು ಅಷ್ಟು ಏರಿದ್ದರಿಂದ ವೆಲ್ವೆಟ್ ಕೂಡ ಇರಬಹುದು ಅನ್ನೋ ಅನುಮಾನ ಪೂರ್ತಿ ಹೋಗಿರಲಿಲ್ಲ. ಎರಡರಲ್ಲಿ ಯಾವುದು ಅಂತ ಗೊತ್ತಿಲ್ಲದಾಗ ಎರಡಕ್ಕೂ ನಾಟುವ ದಾರಿ ಹಿಡಿಯಿರಿ ಅಂದರು ಅಕ್ಕ.

ಒಂದು ಎಚ್ಚರಿಕೆ. ತಾಮ್ರವನ್ನು ಮುಖ್ಯ ಟ್ಯಾಂಕಿಗೆ ಹಾಕಲೇಬಾರದು. ಬಸವನಹುಳು, ಏಡಿ, ಹವಳ ಎಲ್ಲಕ್ಕೂ ಅದು ವಿಷ. ಮೀನನ್ನು ಬೇರೆ ಟಬ್ಬಿಗೆ ತಂದೇ ಚಿಕಿತ್ಸೆ ಮಾಡಬೇಕು.

ಮೈಲುತುತ್ತದ ಲೆಕ್ಕ

ತಾಮ್ರಕ್ಕೆ ನಾವು ಬಳಸಿದ್ದು ಕೆಮಿಸ್ಟ್ರಿ ಲ್ಯಾಬಿನಿಂದ ಅನುಮತಿ ಪಡೆದು ತಂದ ಶುದ್ಧ ಕಾಪರ್ ಸಲ್ಫೇಟ್. ನೀಲಿ ಹರಳು ನೋಡಿದ ಕೂಡಲೇ ನಮ್ಮ ತೀರ್ಥಹಳ್ಳಿಯ ಗೆಳತಿ, “ಇದು ಮೈಲುತುತ್ತ ಅಲ್ವಾ! ನಮ್ಮನೇಲಿ ಅಡಿಕೆಗೆ ಹೊಡೀತಾರೆ” ಅಂದಳು. ಹೌದು, ಮಳೆಗಾಲದಲ್ಲಿ ಕೊಳೆರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣದ್ದೇ ಮೈಲುತುತ್ತ. ಅಲ್ಲಿ 100 ಲೀಟರ್ ನೀರಿಗೆ ಒಂದು ಕೆಜಿ. ಅಂದರೆ ಲೀಟರಿಗೆ ಸುಮಾರು 2,500 ಮಿಲಿಗ್ರಾಂ ತಾಮ್ರ. ಮೀನಿಗೆ ಬೇಕಾದದ್ದು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಹನ್ನೆರಡು ಸಾವಿರ ಪಟ್ಟಿಗಿಂತಲೂ ಕಮ್ಮಿ. ಇದಕ್ಕಿಂತ ಇಳಿದರೆ ಪರಾವಲಂಬಿ ಬದುಕುತ್ತದೆ, ಬಹಳ ಏರಿದರೆ ಮೀನು ಬದುಕೋದಿಲ್ಲ. ಚಿಟಿಕೆ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಟಬ್ಬಿನ ಅಳತೆ 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ನೀರಿನ ಎತ್ತರ 22 ಸೆಂ.ಮೀ. ಗುಣಿಸಿದರೆ 29.7 ಲೀಟರ್, 30 ಅಂತಿಟ್ಟುಕೊಳ್ಳಿ. ಟಬ್ಬಿನ ಮೇಲೆ ಬರೆದಿರುವ ಲೀಟರ್ ನಂಬಬೇಡಿ, ತುಂಬಿದ ನೀರನ್ನೇ ಅಳೆಯಿರಿ. ಲೀಟರಿಗೆ 0.2ರಂತೆ 6 ಮಿಲಿಗ್ರಾಂ ತಾಮ್ರ ಬೇಕು. ಹರಳಿನಲ್ಲಿ ಐದು ಅಣು ನೀರೂ ಸೇರಿರುವುದರಿಂದ ಅದರ ಅಣುತೂಕ 249.7, ಅದರಲ್ಲಿ ತಾಮ್ರ 63.5. ಅಂದರೆ 3.93 ಗ್ರಾಂ ಹರಳಿನಲ್ಲಿ 1 ಗ್ರಾಂ ತಾಮ್ರ. ಅಷ್ಟು ಹರಳನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಒಂದು ಲೀಟರ್ ದ್ರಾವಣ ಮಾಡಿದರೆ ಪ್ರತಿ ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ತಾಮ್ರ. ನಮಗೆ ಬೇಕಾದದ್ದು 6 ಮಿಲಿಲೀಟರ್. ಅದನ್ನು ಒಂದೇ ಸಲ ಸುರಿಯದೆ, ದಿನಕ್ಕೆ 2ರಂತೆ ಮೂರು ದಿನ, ಸಿರಿಂಜಿನಿಂದ ಬಿಟ್ಟೆವು. ಪ್ರತಿ ಸಲವೂ ಟೆಸ್ಟ್ ಕಿಟ್‌ನಿಂದ ಅಳೆದೆವು.

ಅಂಗಡಿಯಲ್ಲಿ ಸಿಗುವ ಕೆಲವು ತಾಮ್ರದ ಔಷಧಗಳಲ್ಲಿ ತಾಮ್ರವನ್ನು ಬೇರೆ ಅಣುವಿಗೆ ಕಟ್ಟಿಹಾಕಿರುತ್ತಾರೆ. ಅವುಗಳಲ್ಲಿ ಕೆಲವಕ್ಕೆ ಬೇಕಾದ ಪ್ರಮಾಣ ಲೀಟರಿಗೆ 2 ಮಿಲಿಗ್ರಾಂಗೂ ಹೆಚ್ಚು. ಆ ಸಂಖ್ಯೆಯನ್ನು ಓದಿ ಕಾಪರ್ ಸಲ್ಫೇಟ್ ಹಾಕಿದರೆ ಹತ್ತು ಪಟ್ಟು ವಿಷ. ಬಾಟಲಿಯ ಲೇಬಲ್, ಟೆಸ್ಟ್ ಕಿಟ್ ಎರಡೂ ಒಂದೇ ಬಗೆಯ ತಾಮ್ರದ್ದೇ ಅಂತ ನೋಡಿಕೊಳ್ಳಿ.

ಮರಳಿನಲ್ಲಿ ಮಾಯವಾದ ತಾಮ್ರ

ಇಷ್ಟೆಲ್ಲ ಲೆಕ್ಕ ಹಾಕಿದರೂ ನಾಲ್ಕನೇ ದಿನ ಬೆಳಿಗ್ಗೆ ಟೆಸ್ಟ್ ಕಿಟ್ ತೋರಿಸಿದ್ದು 0.1ಕ್ಕಿಂತ ಕಮ್ಮಿ. ಮತ್ತೆ 2 ಮಿಲಿಲೀಟರ್ ಹಾಕಿದೆವು. ಸಂಜೆ ಸರಿಯಿತ್ತು, ಮರುದಿನ ಬೆಳಿಗ್ಗೆ ಮತ್ತೆ ಇಳಿದಿತ್ತು. ಕಿಟ್ ಕೆಟ್ಟಿದೆಯಾ, ಲೆಕ್ಕ ತಪ್ಪಾ ಅಂತ ತಲೆ ಕೆಡಿಸಿಕೊಂಡೆವು.

ಉತ್ತರ ಸಿಕ್ಕಿದ್ದು ಮತ್ತೆ ಅಡಿಕೆ ತೋಟದಿಂದಲೇ. ಬರಿ ಮೈಲುತುತ್ತ ಹೊಡೆದರೆ ಗಿಡ ಸುಟ್ಟುಹೋಗುತ್ತೆ, ಅದಕ್ಕೇ ಸುಣ್ಣ ಸೇರಿಸೋದು ಅಂತ ಗೆಳತಿ ಊರಿನ ಮಾತು ಹೇಳುತ್ತಿದ್ದಳು. ಸುಣ್ಣ ತಾಮ್ರವನ್ನು ಕರಗದ ರೂಪಕ್ಕೆ ತಂದು ಹಿಡಿದಿಡುತ್ತದೆ. ಆಗ ನಾವು ನಾಲ್ವರೂ ಟಬ್ಬಿನ ತಳ ನೋಡಿದೆವು. ಮೀನಿಗೆ ಆರಾಮಾಗಿರಲಿ ಅಂತ ಒಂದು ಹಿಡಿ ಹವಳದ ಮರಳು, ಒಂದು ತುಂಡು ಬಂಡೆ ಹಾಕಿದ್ದೆವು. ಹವಳದ ಮರಳು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನ ಬಂಧು. ನಾವು ಹಾಕಿದ ತಾಮ್ರವನ್ನೆಲ್ಲ ಅದು ಹೀರಿಕೊಳ್ಳುತ್ತಿತ್ತು.

ಮರಳು ಬಂಡೆ ಎರಡನ್ನೂ ತೆಗೆದೆವು. ಬಚ್ಚಿಟ್ಟುಕೊಳ್ಳಲು ಪಿವಿಸಿ ಪೈಪಿನ ತುಂಡು ಹಾಕಿದೆವು. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಅದನ್ನೂ ತೆಗೆಯಬೇಕು, ಅದೂ ತಾಮ್ರ ಹೀರುತ್ತದೆ. ಅಂದಿನಿಂದ ಅಳತೆ ನಿಂತಿತು. ದಿನಗಳ ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡಿದೆವು, ಏಕೆಂದರೆ ನಡುವೆ ಒಂದು ರಾತ್ರಿ ತಾಮ್ರ ಇಳಿದರೂ ಆ ರಾತ್ರಿ ಹೊರಬಂದ ಮರಿಗಳು ಬದುಕಿರುತ್ತವೆ.

ಆಮೇಲಿನ 30 ದಿನ ಬರೀ ಶಿಸ್ತಿನ ಕೆಲಸ. ಬೆಳಿಗ್ಗೆ ಸಂಜೆ ತಾಮ್ರ, ಅಮೋನಿಯಾ ಅಳೆಯೋದು. ಹೊಸ ಟಬ್ಬಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕಮ್ಮಿ, ಹಾಗಾಗಿ ದಿನ ಬಿಟ್ಟು ದಿನ 10 ಲೀಟರ್ ನೀರು ಬದಲಿಸೋದು. ಹೊಸ ನೀರಿಗೆ ಮುಂಚೆಯೇ 2 ಮಿಲಿಲೀಟರ್ ದ್ರಾವಣ ಬೆರೆಸಿಟ್ಟರೆ ಟಬ್ಬಿನ ಪ್ರಮಾಣ ಕದಲೋದಿಲ್ಲ. ಅಮೋನಿಯಾ ತಟಸ್ಥ ಮಾಡುವ ದ್ರಾವಣಗಳನ್ನು ತಾಮ್ರದ ಜೊತೆ ಬಳಸಬೇಡಿ, ಅವುಗಳಲ್ಲಿ ಹಲವು ತಾಮ್ರವನ್ನು ಇನ್ನೂ ವಿಷಕಾರಿ ರೂಪಕ್ಕೆ ತಿರುಗಿಸುತ್ತವೆ. ಇಂಟರ್ನಲ್ಸ್ ನಡುವೆ ನಾವು ಪಾಳಿ ಹಾಕಿಕೊಂಡೆವು. ರಾಜ ಮೊದಲ ನಾಲ್ಕು ದಿನ ಏನೂ ತಿನ್ನಲಿಲ್ಲ. ಐದನೇ ದಿನ ಒಂದು ತುಣುಕು ಸೀಗಡಿ ಬಾಯಿಗೆ ಹಾಕಿಕೊಂಡು ಉಗಿಯಿತು. ಆರನೇ ದಿನ ನುಂಗಿತು.

ಖಾಲಿ ಟ್ಯಾಂಕಿನ 76 ದಿನ

ಇಷ್ಟು ಮಾಡಿ ರಾಜನನ್ನು ಹಳೇ ಟ್ಯಾಂಕಿಗೆ ಬಿಟ್ಟರೆ ಕತೆ ಮತ್ತೆ ಮೊದಲಿಂದ. ಅಲ್ಲಿನ ಮರಳಿನಲ್ಲಿ ಕೋಶಗಳು ಕಾಯುತ್ತಿರುತ್ತವೆ. ಅದಕ್ಕೆ ಮದ್ದು ಒಂದೇ, ಮೀನಿಲ್ಲದೆ ಬಿಡೋದು. ದಾಖಲಾದ ಅತಿ ದೀರ್ಘ ಅವಧಿ 72 ದಿನ, ಹೊರಬಂದ ಮರಿ ಸಾಯಲು ಇನ್ನೆರಡು ದಿನ, ಸ್ವಲ್ಪ ಹೆಚ್ಚುವರಿ ಸೇರಿಸಿ ಅಕ್ವೇರಿಯಂನವರು 76 ದಿನ ಅನ್ನುತ್ತಾರೆ. ಬಸವನಹುಳು, ಏಡಿ ಅಲ್ಲೇ ಇರಬಹುದು, ಈ ಪರಾವಲಂಬಿಗೆ ಬೇಕಾದದ್ದು ಮೀನು ಮಾತ್ರ. ಎರಡು ಟ್ಯಾಂಕಿನ ನಡುವೆ ಬಲೆ, ಸಿರಿಂಜು, ಒದ್ದೆ ಕೈ ಯಾವುದೂ ಹೋಗಬಾರದು. ತಾಮ್ರದ 30 ದಿನ ಮುಗಿದ ಮೇಲೆ ರಾಜನನ್ನು ಒಣಗಿಸಿದ ಬೇರೆ ಟಬ್ಬಿಗೆ, ತಾಮ್ರವಿಲ್ಲದ ನೀರಿಗೆ ಬಿಟ್ಟು ಉಳಿದ ದಿನಗಳನ್ನು ಕಳೆದೆವು.

ನಡುವೆ ಪ್ರಾಜೆಕ್ಟ್ ಡೆಮೋ ಬಂತು. ಖಾಲಿ ಟ್ಯಾಂಕ್ ತೋರಿಸಿದರೆ ಮಾರ್ಕ್ಸ್ ಹೋಗುತ್ತೆ, ಒಂದೇ ದಿನಕ್ಕೆ ಮೀನು ಬಿಟ್ಟು ತೆಗೆಯೋಣ ಅಂತ ನಮ್ಮಲ್ಲೇ ಮಾತು ಬಂತು. ಜಗಳವೂ ಆಯಿತು. ಕೊನೆಗೆ ಖಾಲಿ ಟ್ಯಾಂಕನ್ನೇ ಇಟ್ಟು, ಯಾಕೆ ಖಾಲಿ ಅನ್ನೋದನ್ನೇ ಹೇಳಿದೆವು. ರಾಣಿ ಸತ್ತ ದಿನದ ಹಸಿರು ಸ್ಕ್ರೀನ್‌ಶಾಟ್ ರಿಪೋರ್ಟಿನಲ್ಲಿ ಹಾಕಿದೆವು. ಗೈಡ್ ಎರಡು ನಿಮಿಷ ಅದನ್ನೇ ನೋಡಿ, “ನಿಮ್ಮ ಸೆನ್ಸರ್ ಮೀನನ್ನು ಅಳೆದಿಲ್ಲ, ನೀರನ್ನು ಅಳೆದಿದೆ” ಅಂದರು.

ಮೀನು ಸಾಕುವವರು ನೆನಪಿಡಬೇಕಾದ್ದು

1. ಹೊಸ ಮೀನನ್ನು ಕನಿಷ್ಠ ನಾಲ್ಕು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡಿ. ಆ ಟಬ್ಬಿನ ಖರ್ಚು ಒಂದು ಮೀನಿನ ಬೆಲೆಗಿಂತ ಕಮ್ಮಿ.
2. ಔಷಧಕ್ಕೆ ಮುಂಚೆ ಅಮೋನಿಯಾ, ಪಿಎಚ್, ಉಪ್ಪು, ಉಷ್ಣತೆ ಅಳೆಯಿರಿ.
3. ದಿನಾ ಒಂದೇ ಹೊತ್ತಿಗೆ ಫೋಟೊ, ಉಸಿರಿನ ಎಣಿಕೆ, ಊಟ ಮಾಡಿತೋ ಇಲ್ಲವೋ ಬರೆದಿಡಿ.
4. ಉಸಿರು ಏರಿದ್ದು, ಧೂಳಿನಂಥದ್ದು ಅಥವಾ ಕಿತ್ತುಬರುವ ಲೋಳೆ ಕಂಡರೆ ನಾಳೆ ನೋಡೋಣ ಅನ್ನಬೇಡಿ. ಒಂದೇ ಜಾಗದಲ್ಲಿ ಕೂತ ಗಂಟು ಕಂಡರೆ ಅವಸರ ಮಾಡಬೇಡಿ.
5. ಮೀನು ಸತ್ತರೆ ಫ್ರೀಜರ್ ಬೇಡ, ಆ ಕ್ಷಣವೇ ಮೈಕ್ರೋಸ್ಕೋಪ್ ಇರುವಲ್ಲಿಗೆ ಒಯ್ಯಿರಿ.
6. ಚಿಕಿತ್ಸೆ ನಿಲ್ಲಿಸುವ ದಿನವನ್ನು ಶುರು ಮಾಡುವಾಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಚುಕ್ಕೆ ಹೋಯಿತು ಅಂತ ನಿಲ್ಲಿಸಬೇಡಿ.

ಕಳೆದ ತಿಂಗಳು 76 ದಿನ ಮುಗಿಯಿತು. ರಾಜ ಹಳೇ ಟ್ಯಾಂಕಿಗೆ ವಾಪಸ್ ಬಂದು ಅದೇ ಮೂಲೆಯಲ್ಲಿ ಮಲಗುತ್ತಿದೆ. ಡ್ಯಾಶ್‌ಬೋರ್ಡ್ ಈಗಲೂ ಹಸಿರು ತೋರಿಸುತ್ತದೆ, ಅದರ ಕೆಳಗಿನ ಬರಹ ಮಾತ್ರ ಬದಲಾಗಿದೆ: ‘ನೀರು ಸರಿಯಿದೆ’. ಪಕ್ಕದಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದೇವೆ. ದಿನಾ ಬೆಳಿಗ್ಗೆ ಪಾಳಿಯಲ್ಲಿರುವವರು ಉಸಿರು ಎಣಿಸಿ ಅಲ್ಲಿ ಕೈಯಾರೆ ಟೈಪ್ ಮಾಡಬೇಕು. ಇವತ್ತಿನದು 72.

ನೋಡಬೇಕು ಅನಿಸಿದರೆ ಮಧ್ಯಾಹ್ನದ ಬ್ರೇಕಿನಲ್ಲಿ ಬನ್ನಿ. ಕೈ ಮಾತ್ರ ನೀರಿಗೆ ಹಾಕಬೇಡಿ.